ಪ್ಯಾಂಕ್ರಿಯಾಸ್ ಗಡ್ಡೆ: ಅಪ್ಪನಿಗೆ ಹೊಟ್ಟೆ ಕೊಯ್ದು ಆಪರೇಷನ್ನಾ, ತೂತು ಹಾಕಿಯಾ?

ಬ್ಯಾಡಗಿ_ಕಡ್ಡಿ (ಸೋಮವಾರ, ರಾತ್ರಿ 11:20)

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಬರೆದದ್ದು ಹಿಂದೆ ಮುಂದೆ ಆಗಿದ್ದರೆ ಕ್ಷಮಿಸಿ.

ಅಪ್ಪನಿಗೆ 61. ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಎರಡು ತಿಂಗಳ ಹಿಂದೆ ಮೈ ತುರಿಕೆ ಶುರುವಾಯಿತು. ಕಾಯಿ ಘಾಟು ಇರಬೇಕು ಅಂದರು. ಮೂವತ್ತು ವರ್ಷ ಅದೇ ಘಾಟಿನಲ್ಲಿ ಕೂತವರಿಗೆ ಈಗ ಯಾಕೆ ತುರಿಕೆ ಅಂತ ನಮಗೂ ಹೊಳೆಯಲಿಲ್ಲ. ಆಮೇಲೆ ಕಣ್ಣು ಹಳದಿಯಾಯಿತು. ಮೂತ್ರ ಕಪ್ಪು ಚಹಾದ ಬಣ್ಣ, ಮಲ ಮಾತ್ರ ಸುಣ್ಣದ ಹಾಗೆ ಬಿಳಿ. ಕಾಮಾಲೆ ಅಂತ ಬೇರು ಅರೆದು ಕೊಡುವವರ ಹತ್ತಿರ ಮೂರು ಭಾನುವಾರ ಹೋದೆವು. ಹೊಟ್ಟೆನೋವು ಇರಲೇ ಇಲ್ಲ, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಆ ಮೂರು ವಾರ ಈಗಲೂ ಎದೆಯಲ್ಲಿ ಚುಚ್ಚುತ್ತಿದೆ.

ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದೆವು. ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿಯ) ತಲೆ ಭಾಗದಲ್ಲಿ 2.6 ಸೆಂಟಿಮೀಟರ್ ಗಡ್ಡೆ. ರಕ್ತನಾಳಕ್ಕೆ ಅಂಟಿಲ್ಲ, ಲಿವರ್‌ನಲ್ಲಿ ಏನೂ ಇಲ್ಲ, ಆಪರೇಷನ್ ಮಾಡಬಹುದು ಅಂತ ಇಬ್ಬರು ಸರ್ಜನ್ ಹೇಳಿದ್ದಾರೆ. ಆದರೆ ಒಬ್ಬರು ಹೊಟ್ಟೆ ಕೊಯ್ದೇ ಮಾಡಬೇಕು, ಹದಿನೈದು ದಿನ ಆಸ್ಪತ್ರೆಯಲ್ಲಿರಬೇಕು ಅನ್ನುತ್ತಾರೆ. ಇನ್ನೊಬ್ಬರು ದುರ್ಬೀನಿನಲ್ಲಿ ಐದು ತೂತು ಹಾಕಿ ಮಾಡೋಣ, ವಾರ ಹತ್ತು ದಿನಕ್ಕೆ ಮನೆಗೆ ಹೋಗಬಹುದು ಅನ್ನುತ್ತಾರೆ. ಬೆಂಗಳೂರಲ್ಲಿರುವ ಅಣ್ಣ ರೋಬೋಟ್ ಅನ್ನುತ್ತಾನೆ. ಸೋದರಮಾವ ಮಾತ್ರ "ಹೊಟ್ಟೆ ತೆರೆದು ಗಾಳಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತದೆ, ಮುಟ್ಟಲೇಬೇಡಿ" ಅಂತ ಹಟ ಹಿಡಿದಿದ್ದಾರೆ. ಅವ್ವ ಕೇಳುವುದು ಮಾವನ ಮಾತನ್ನು.

ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ಹೇಳಿ. ತೂತು ಹಾಕಿ ಮಾಡಿದರೆ ನಿಜಕ್ಕೂ ಒಳ್ಳೆಯದಾ?

ಸಾಧನಕೇರಿ_ಸಂಜೆ (ಸೋಮವಾರ, ರಾತ್ರಿ 11:52)

ಮೊದಲು ಧೈರ್ಯ ತಗೊಳ್ಳಿ ತಮ್ಮಾ. ನಾನು ದಾಟಿ ಬಂದವಳು. ಕಿಡ್ನಿ ಸ್ಟೋನ್ ಅಂತ ಸ್ಕ್ಯಾನ್ ಮಾಡಿಸಲು ಹೋದಾಗ ಪ್ಯಾಂಕ್ರಿಯಾಸ್‌ನ ಬಾಲದಲ್ಲಿ ನೀರು ತುಂಬಿದ ಗಡ್ಡೆ ಕಂಡಿತು. ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿ ಅಂದರು. ದುರ್ಬೀನಿನಲ್ಲೇ ತೆಗೆದರು. ಗುಲ್ಮವನ್ನೂ (ಸ್ಪ್ಲೀನ್) ಜೊತೆಗೆ ತೆಗೆಯಬೇಕಾಗಬಹುದು ಅಂತ ಎರಡು ವಾರ ಮುಂಚೆಯೇ ಮೂರು ಲಸಿಕೆ ಹಾಕಿಸಿದ್ದರು, ಹಾಗೇ ಆಯಿತು. ಎರಡನೇ ದಿನ ವಾರ್ಡಿನಲ್ಲಿ ಓಡಾಡಿದೆ, ಆರನೇ ದಿನ ಮನೆಗೆ ಬಂದೆ, ತಿಂಗಳು ತುಂಬುವಷ್ಟರಲ್ಲಿ ಶಾಲೆಗೆ ಹೋಗಿ ಪಾಠ ಮಾಡಿದೆ. ಹೊಟ್ಟೆ ಮೇಲೆ ನಾಲ್ಕು ಚಿಕ್ಕ ಗುರುತು, ಕೆಳಗೆ ಒಂದು ಬೆರಳುದ್ದದ ಗಾಯ. ಗಡ್ಡೆಯನ್ನು ಚೀಲದಲ್ಲಿ ಹಾಕಿ ಅಲ್ಲಿಂದ ಹೊರಗೆ ತೆಗೆದದ್ದು. ಕಣ್ಣು ಮುಚ್ಚಿ ದುರ್ಬೀನಿಗೇ ಹೋಗಿ.

ಬೆಟಗೇರಿ_ಮಗ್ಗ (ಮಂಗಳವಾರ, ಬೆಳಗ್ಗೆ 6:10)

ಅಕ್ಕಾ, ನೀವು ಆರಾಮಾಗಿದ್ದೀರಿ ಅಂತ ಓದಿ ಖುಷಿಯಾಯಿತು. ಆದರೆ ನಿಮ್ಮದು ಬಾಲ, ಇವರ ಅಪ್ಪನದು ತಲೆ. ಹೆಸರು ಒಂದೇ ಅಂಗದ್ದಾದರೂ ಆ ಎರಡು ಆಪರೇಷನ್‌ಗೆ ಸಂಬಂಧವೇ ಇಲ್ಲ. ಇದು ನನಗೆ ತಡವಾಗಿ ಗೊತ್ತಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವ್ವನದೂ ತಲೆ ಭಾಗದ ಗಡ್ಡೆ. ನಾವು ಹೋದ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ದುರ್ಬೀನಿನಲ್ಲಿ ಮಾಡುತ್ತೇವೆ, ಹತ್ತು ದಿನಕ್ಕೆ ಮನೆ ಅಂದರು. ನಮಗೂ ಅದೇ ಬೇಕಿತ್ತು. ಬೆಳಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಎರಡೂವರೆಗೆ ಒಬ್ಬರು ಹೊರಗೆ ಬಂದು, ರಕ್ತ ಹೋಗುತ್ತಿದೆ, ಹೊಟ್ಟೆ ತೆರೆಯಬೇಕು, ಸಹಿ ಮಾಡಿ ಅಂದರು. ರಾತ್ರಿ ಒಂಬತ್ತಕ್ಕೆ ಮುಗಿಯಿತು. ಆರನೇ ದಿನ ಒಳಗೆ ಕರುಳಿಗೆ ಹೊಲಿದ ಜೋಡಣೆ ಸೋರಿತು. ಒಟ್ಟು 38 ದಿನ ಆಸ್ಪತ್ರೆ. ದೇವರ ದಯೆ, ಅವ್ವ ಎರಡು ವರ್ಷದಿಂದ ನಮ್ಮ ಜೊತೆ ಇದ್ದಾಳೆ. ಆದರೆ ಆ ಸೋರಿಕೆಯಿಂದ ಕಿಮೋ ಶುರು ಮಾಡಲು ಬಹಳ ತಡವಾಯಿತು, ಪೂರ್ತಿ ಕೊಡಲೂ ಆಗಲಿಲ್ಲ.

ನನ್ನ ಸಿಟ್ಟು ಹೊಟ್ಟೆ ತೆರೆದಿದ್ದಕ್ಕಲ್ಲ. ರಕ್ತ ಹೋಗುವಾಗ ತೆರೆದದ್ದೇ ಸರಿ. ಈ ಆಪರೇಷನ್ನನ್ನು ಈ ರೀತಿ ಎಷ್ಟು ಸಲ ಮಾಡಿದ್ದೀರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ಸೀರೆ ಮಗ್ಗಕ್ಕೆ ಹಾಕಬೇಕಾದರೂ ನೇಕಾರನ ಕೈ ಹೇಗಿದೆ ಅಂತ ವಿಚಾರಿಸುವವನು ನಾನು. ಹೆತ್ತ ತಾಯಿಯ ವಿಷಯದಲ್ಲಿ ವಿಚಾರಿಸಲಿಲ್ಲ.

ವಿದ್ಯಾನಗರ_ವಾಸಿ (ಮಂಗಳವಾರ, ಬೆಳಗ್ಗೆ 8:35)

ಒಬ್ಬರ ಅನುಭವದಿಂದ ಹೆದರಬೇಡಿ. ಕೊಯಮತ್ತೂರಿನಲ್ಲಿ ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದಾರೆ. ದುರ್ಬೀನಿನವರು ಏಳು ದಿನಕ್ಕೆ ಮನೆಗೆ ಹೋದರು, ಹೊಟ್ಟೆ ಕೊಯ್ದವರಿಗೆ ಹದಿಮೂರು ದಿನ ಬೇಕಾಯಿತು. ನಮ್ಮ ದೇಶದ ರೋಗಿಗಳೇ. ಇನ್ನೇನು ಬೇಕು? ದುಡ್ಡು ಇದ್ದರೆ ರೋಬೋಟ್ ಮಾಡಿಸಿ.

ಉಣಕಲ್_ದಂಡೆ (ಮಂಗಳವಾರ, ಮಧ್ಯಾಹ್ನ 2:15)

ನಾನು ಹೊಟ್ಟೆಯ ಸರ್ಜರಿ ಕಲಿಯುತ್ತಿರುವ ಡಾಕ್ಟರ್. ಹುಬ್ಬಳ್ಳಿಯವನು, ಈಗ ಬೇರೆ ಊರಿನಲ್ಲಿದ್ದೇನೆ. ಸ್ಕ್ಯಾನ್ ನೋಡದೆ ನಿಮ್ಮ ಅಪ್ಪನಿಗೆ ಇದೇ ಮಾಡಿಸಿ ಅಂತ ಹೇಳುವುದು ತಪ್ಪಾಗುತ್ತದೆ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಇದೆ, ಸ್ವಲ್ಪ ಉದ್ದ ಇದೆ, ಸಮಾಧಾನದಿಂದ ಓದಿ.

ಪ್ಯಾಂಕ್ರಿಯಾಸ್ ಹೊಟ್ಟೆಯ ಹಿಂದೆ, ಬೆನ್ನುಮೂಳೆಗೆ ಅಡ್ಡವಾಗಿ ಮಲಗಿರುತ್ತದೆ. ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ. ಬಾಲ ಎಡಗಡೆ ಗುಲ್ಮದ ಹತ್ತಿರ. ಅಲ್ಲಿ ಗಡ್ಡೆ ಇದ್ದರೆ ಆ ತುದಿಯನ್ನು ಕತ್ತರಿಸಿ ಬಾಯಿ ಮುಚ್ಚಿದರೆ ಆಯಿತು, ಯಾವುದನ್ನೂ ಯಾವುದಕ್ಕೂ ಜೋಡಿಸಬೇಕಾಗಿಲ್ಲ. ತಲೆಯ ಕಥೆ ಬೇರೆ. ಅದು ಸಣ್ಣ ಕರುಳಿನ ಮೊದಲ ಬಾಗಿನಲ್ಲಿ ಹೂತುಕೊಂಡಿರುತ್ತದೆ, ಪಿತ್ತನಾಳ ಅದರ ಮಧ್ಯದಿಂದಲೇ ಹೋಗುತ್ತದೆ (ನಿಮ್ಮ ಅಪ್ಪನಿಗೆ ಕಾಮಾಲೆ ಬಂದದ್ದು ಅದಕ್ಕೇ, ನಾಳ ಒತ್ತಿಹೋಗಿದೆ). ಹಾಗಾಗಿ ತಲೆ, ಆ ಕರುಳು, ಪಿತ್ತಕೋಶ, ಪಿತ್ತನಾಳದ ತುಂಡು, ಕೆಲವು ಸಲ ಜಠರದ ತುದಿ, ಎಲ್ಲಾ ಒಟ್ಟಿಗೆ ತೆಗೆಯಬೇಕು. ಆಮೇಲೆ ಉಳಿದ ಪ್ಯಾಂಕ್ರಿಯಾಸನ್ನು, ಪಿತ್ತನಾಳವನ್ನು, ಜಠರವನ್ನು ಒಂದೊಂದಾಗಿ ಕರುಳಿಗೆ ಹೊಲಿಯಬೇಕು. ಮೂರು ಜೋಡಣೆ. ಇದಕ್ಕೆ ವಿಪಲ್ ಆಪರೇಷನ್ ಅನ್ನುತ್ತೇವೆ, 1935ರಲ್ಲಿ ಅಮೆರಿಕದ ಅಲೆನ್ ವಿಪಲ್ ಇದರ ಬಗ್ಗೆ ಬರೆದರು. ತೂತು ಹಾಕಿ ಇದನ್ನು ಮಾಡಿದ ಮೊದಲ ವರದಿ ಬಂದದ್ದು 1994ರಲ್ಲಿ.

ಮೂರರಲ್ಲಿ ಪ್ಯಾಂಕ್ರಿಯಾಸ್‌ನ ಜೋಡಣೆಯೇ ಎಲ್ಲರಿಗೂ ಭಯ. ಅದರ ನಾಳ ಎಷ್ಟೋ ಜನರಲ್ಲಿ ಎರಡು ಮೂರು ಮಿಲಿಮೀಟರ್ ಅಷ್ಟೇ. ಗ್ರಂಥಿ ಮೃದುವಾಗಿದ್ದರೆ ದಾರ ಬಿಗಿದಾಗ ಗಿಣ್ಣದ ಹಾಗೆ ಸೀಳುತ್ತದೆ. ಒಂದು ಸಲ ನಮ್ಮ ಸರ್ ಗಂಟು ಹಾಕುವಾಗ ನಾನು ಪಕ್ಕದಲ್ಲಿ ನಿಂತು ಹಿಡಿದುಕೊಂಡಿದ್ದೆ, ಅವರು ಉಸಿರು ಬಿಗಿ ಹಿಡಿದು ಎರಡು ಬೆರಳ ತುದಿಯಲ್ಲಿ ದಾರ ಇಳಿಸಿದ್ದು ಕಣ್ಣಿಗೆ ಕಟ್ಟಿದೆ. ಅಲ್ಲಿ ಸೋರಿದರೆ ಹೊರಗೆ ಬರುವುದು ಜೀರ್ಣರಸ. ಊಟ ಅರಗಿಸುವ ಆ ರಸ ಪಕ್ಕದ ರಕ್ತನಾಳವನ್ನೂ ತಿನ್ನಬಲ್ಲದು. ಹೊಟ್ಟೆ ಚರ್ಮದ ಮೇಲಿನ ಗಾಯ ಎಷ್ಟೇ ದೊಡ್ಡದಿರಲಿ, ಜೀವಕ್ಕೆ ಅಪಾಯ ತರುವುದು ಅದಲ್ಲ. ಒಳಗಿನ ಈ ಜೋಡಣೆ. ಅದು ಎರಡೂ ರೀತಿಯಲ್ಲಿ ಒಂದೇ.

ಈಗ ಅಂಕಿಅಂಶಕ್ಕೆ ಬರೋಣ. ಬಾಲದ ವಿಷಯದಲ್ಲಿ ಸಾಧನಕೇರಿ ಅಕ್ಕ ಹೇಳಿದ್ದು ಸರಿ. 2019ರಲ್ಲಿ ನೆದರ್ಲೆಂಡ್ಸ್‌ನ ಲೆಪರ್ಡ್ ಅಧ್ಯಯನದಲ್ಲಿ ತೂತು ಹಾಕಿಸಿಕೊಂಡವರು ನಾಲ್ಕು ದಿನಕ್ಕೆ ಚೇತರಿಸಿಕೊಂಡರು, ಹೊಟ್ಟೆ ಕೊಯ್ದವರಿಗೆ ಆರು ದಿನ ಬೇಕಾಯಿತು. ಬಾಲದಲ್ಲಿ ಕ್ಯಾನ್ಸರ್ ಇದ್ದವರ ಮೇಲೆಯೇ ಮಾಡಿದ ಡಿಪ್ಲೊಮಾ ಅಧ್ಯಯನ 2023ರಲ್ಲಿ ಬಂತು, 258 ಜನ. ಗಡ್ಡೆ ಪೂರ್ತಿ ತೆಗೆಯುವುದರಲ್ಲಿ ತೂತಿನ ಆಪರೇಷನ್ ಹಿಂದೆ ಬೀಳಲಿಲ್ಲ.

ಅದೇ ಧೈರ್ಯದಲ್ಲಿ ಅದೇ ದೇಶದವರು ತಲೆ ಭಾಗಕ್ಕೂ ಹೋದರು. ಲೆಪರ್ಡ್-2. ವರ್ಷಕ್ಕೆ 20 ಅಥವಾ ಅದಕ್ಕಿಂತ ಜಾಸ್ತಿ ವಿಪಲ್ ಮಾಡುವ ನಾಲ್ಕು ಆಸ್ಪತ್ರೆ, ತರಬೇತಿ ಪಡೆದ ಸರ್ಜನ್‌ಗಳು. ಆದರೂ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ತೂತಿನ ಗುಂಪಿನ 50 ಜನರಲ್ಲಿ 5 ಜನ ಆಪರೇಷನ್ನಿನ ತೊಂದರೆಯಿಂದ 90 ದಿನದೊಳಗೆ ತೀರಿಕೊಂಡರು. ಹೊಟ್ಟೆ ಕೊಯ್ದ 49 ಜನರಲ್ಲಿ ಒಬ್ಬರು. ಸಂಖ್ಯಾಶಾಸ್ತ್ರದ ಪ್ರಕಾರ ಇದು ಆಕಸ್ಮಿಕವೂ ಇರಬಹುದು, ಜನ ಕಡಿಮೆ. ಆದರೆ ಬೇಗ ಚೇತರಿಕೆ ಅನ್ನುವ ಲಾಭವೂ ಕಾಣಲಿಲ್ಲ, ತೂತಿನವರಿಗೆ 10 ದಿನ, ಕೊಯ್ದವರಿಗೆ 8 ದಿನ. ಲಾಭವೇ ಇಲ್ಲದಾಗ ಆ ಅಪಾಯ ಯಾಕೆ ಅಂತ ನಿಲ್ಲಿಸಿದರು.

ವಿದ್ಯಾನಗರದವರು ಹೇಳಿದ ಕೊಯಮತ್ತೂರಿನ ಅಧ್ಯಯನವೂ ನಿಜವೇ. 2017ರದು, ಹೆಸರು ಪ್ಲಾಟ್, 64 ಜನ, 7 ದಿನ ಮತ್ತು 13 ದಿನ. ಆದರೆ ಅದನ್ನು ನಡೆಸಿದ್ದು ಜೆಮ್ ಆಸ್ಪತ್ರೆಯ ಡಾ. ಸಿ. ಪಳನಿವೇಲು ಅವರ ತಂಡ. ದುರ್ಬೀನಿನ ಸರ್ಜರಿಯಲ್ಲಿ ಇಡೀ ದೇಶ ಅವರಿಂದ ಕಲಿತಿದೆ. ಆ ಏಳು ದಿನ ಆ ಕೈಗಳದ್ದು. ಎಲ್ಲಾ ಊರಿನ ಎಲ್ಲಾ ದುರ್ಬೀನಿಗೂ ಅದನ್ನು ಅಂಟಿಸುವುದಕ್ಕೆ ಆಗುವುದಿಲ್ಲ. ಚೀನಾದಲ್ಲಿ 14 ಆಸ್ಪತ್ರೆ ಸೇರಿ 656 ಜನರ ಮೇಲೆ ಮಾಡಿದ್ದು 2021ರಲ್ಲಿ ಬಂತು. ಅಲ್ಲಿ ಒಂದು ಷರತ್ತು ಇತ್ತು: ತೂತು ಹಾಕಿಯೇ ಕನಿಷ್ಠ 104 ವಿಪಲ್ ಮಾಡಿದ ಸರ್ಜನ್ ಮಾತ್ರ ಸೇರಬಹುದು. ಅಷ್ಟು ಪಳಗಿದವರ ಕೈಯಲ್ಲಿ ಸಾವಿನ ವ್ಯತ್ಯಾಸ ಕಾಣಲಿಲ್ಲ. ಆಸ್ಪತ್ರೆಯ ದಿನ 15 ಮತ್ತು 16. ಒಂದೇ ಒಂದು ದಿನದ ಉಳಿತಾಯ.

ನೂರು ಮಾಡಿ ಪಳಗಿದವರಿಗೆ ಒಂದು ದಿನ ಉಳಿಯುತ್ತದೆ ಅಂದರೆ, ನಾಲ್ಕೈದು ಮಾಡಿದವರ ಹತ್ತಿರ ಆ ಒಂದು ದಿನಕ್ಕಾಗಿ ಅಪ್ಪನನ್ನು ಒಪ್ಪಿಸಬೇಕಾ? ನನ್ನ ಅಪ್ಪನಾಗಿದ್ದರೆ ಇಲ್ಲ.

ವಿದ್ಯಾನಗರ_ವಾಸಿ (ಮಂಗಳವಾರ, ಮಧ್ಯಾಹ್ನ 3:02)

ಸರ್, ಒಪ್ಪಿದೆ. ನಾನು ಅದರ ಹೆಡ್‌ಲೈನ್ ಅಷ್ಟೇ ಓದಿದ್ದೆ. ರೋಬೋಟ್ ಬಗ್ಗೆ?

ಉಣಕಲ್_ದಂಡೆ (ಮಂಗಳವಾರ, ಮಧ್ಯಾಹ್ನ 3:30)

ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ, ಸರ್ಜನ್ ಕೂತು ಆಡಿಸಬೇಕು. ಅದರ ಸಲಕರಣೆ ಮಣಿಕಟ್ಟಿನ ಹಾಗೆ ತಿರುಗುತ್ತದೆ. ಹೊಲಿಯುವ ಕೆಲಸ ಸುಲಭವಾಗುತ್ತದೆ, ಆ ಮೂರು ಜೋಡಣೆಗೆ ಅದು ನಿಜವಾದ ಅನುಕೂಲ. ಆದರೆ ಅದಕ್ಕೂ ಕೈ ಕೂರಬೇಕು, ಮತ್ತು ಖರ್ಚು ಜಾಸ್ತಿ. ಮನೆ ಹೊಲ ಅಡವಿಟ್ಟು ಮಾಡಿಸುವಂಥ ವ್ಯತ್ಯಾಸ ಅಲ್ಲ.

ಇನ್ನು ನಿಮ್ಮ ಮಾವನಿಗೆ ಹೇಳಿ, ಗಾಳಿ ತಾಗಿ ಕ್ಯಾನ್ಸರ್ ಹರಡುವುದಿಲ್ಲ. ಈ ಮಾತು ಹುಟ್ಟಿದ್ದಕ್ಕೆ ಕಾರಣ ಇದೆ. ಹಿಂದೆ ಇಂಥ ಸ್ಕ್ಯಾನ್ ಇರಲಿಲ್ಲ. ಹೊಟ್ಟೆ ತೆರೆದು ನೋಡಿ, ಆಗಲೇ ಹರಡಿದೆ ಅಂತ ಹಾಗೇ ಮುಚ್ಚುತ್ತಿದ್ದರು. ಆ ರೋಗಿ ತಿಂಗಳೊಪ್ಪತ್ತಿನಲ್ಲಿ ಹೋಗುತ್ತಿದ್ದರು. ಜನ ಕೊಯ್ದದ್ದಕ್ಕೇ ಹೋದರು ಅಂದರು. ಈ ರೋಗ ಗೊತ್ತಾಗುವಾಗ ಆಪರೇಷನ್ ಮಾಡುವ ಸ್ಥಿತಿಯಲ್ಲಿ ಇರುವವರು ಐದರಲ್ಲಿ ಒಬ್ಬರು, ಅಷ್ಟೂ ಇಲ್ಲ. ನಿಮ್ಮ ಅಪ್ಪ ಆ ಒಬ್ಬರು. ಆ ಬಾಗಿಲು ತೆರೆದಿರುವಾಗ ಹೋಗಬೇಕು.

ಬ್ಯಾಡಗಿ_ಕಡ್ಡಿ (ಮಂಗಳವಾರ, ರಾತ್ರಿ 9:40)

ಸರ್, ಇದನ್ನು ಅವ್ವನಿಗೆ ಓದಿ ಹೇಳಿದೆ. "ಐದರಲ್ಲಿ ಒಬ್ಬರು" ಅನ್ನುವಲ್ಲಿ ಅತ್ತುಬಿಟ್ಟಳು, ಆಮೇಲೆ ಮಾಡಿಸೋಣ ಅಂದಳು. ಇನ್ನೆರಡು ಸಂಶಯ. ತುಂಡು ತೆಗೆದು ಪರೀಕ್ಷೆ ಮಾಡಿಲ್ಲ, ನೇರ ಆಪರೇಷನ್ ಅನ್ನುತ್ತಿದ್ದಾರೆ, ಸರಿಯಾ? ರಕ್ತದಲ್ಲಿ ಕಾಮಾಲೆ ತೋರಿಸುವ ಬಿಲಿರುಬಿನ್ 11 ಇದೆ, ಪಿತ್ತನಾಳ ತೆರೆದಿಡುವ ನಳಿಗೆ, ಅದೇ ಸ್ಟೆಂಟ್, ಹಾಕಿಸಬೇಕಾ? ಮತ್ತು ಸರ್ಜನ್ ಹತ್ತಿರ ಏನು ಕೇಳಲಿ? ಎದುರಿಗೆ ಕೂತರೆ ಬಾಯೇ ಬರುವುದಿಲ್ಲ.

ಉಣಕಲ್_ದಂಡೆ (ಮಂಗಳವಾರ, ರಾತ್ರಿ 10:25)

ಸ್ಕ್ಯಾನ್ ಸ್ಪಷ್ಟವಾಗಿದ್ದು ತೆಗೆಯುವಂತಿದ್ದರೆ ಮೊದಲು ತುಂಡು ಪರೀಕ್ಷೆ ಕಡ್ಡಾಯ ಅಲ್ಲ. ಗಡ್ಡೆ ರಕ್ತನಾಳಕ್ಕೆ ತಾಗಿದ್ದು ಮೊದಲೇ ಕಿಮೋ ಕೊಡುವುದಾದರೆ ಬೇಕೇ ಬೇಕು. ಸ್ಟೆಂಟ್ ಎಲ್ಲರಿಗೂ ಬೇಡ. ಬೇಗ ಆಪರೇಷನ್ ಆಗುವುದಿದ್ದರೆ ಸುಮ್ನೆ ಹಾಕಿಸಿದಲ್ಲಿ ಸೋಂಕು ಜಾಸ್ತಿ ಅಂತ 2010ರ ಅಧ್ಯಯನ ತೋರಿಸಿದೆ. ಜ್ವರ ಚಳಿ ಬಂದರೆ, ಬಿಲಿರುಬಿನ್ ತೀರಾ ಏರಿದರೆ ಅಥವಾ ಆಪರೇಷನ್ ವಾರಗಟ್ಟಲೆ ಮುಂದೆ ಹೋಗುವುದಾದರೆ ಹಾಕುತ್ತಾರೆ.

ಕೇಳುವುದು ತಪ್ಪಲ್ಲ, ಒಳ್ಳೆಯ ಸರ್ಜನ್ ಸಿಟ್ಟಾಗುವುದಿಲ್ಲ. ಹೋದ ವರ್ಷ ಈ ಆಸ್ಪತ್ರೆಯಲ್ಲಿ ಎಷ್ಟು ವಿಪಲ್ ಆಯಿತು, ಅದರಲ್ಲಿ ತೂತಿನದ್ದು ಎಷ್ಟು, ಎಷ್ಟು ಸಲ ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಯಿತು ಅಂತ ಕೇಳಿ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಒಂದು ವಾರದ ಮೇಲೆ ರಾತ್ರಿ ಎರಡು ಗಂಟೆಗೆ ಒಳಗೆ ರಕ್ತಸ್ರಾವ ಆದರೆ, ತೊಡೆಯ ನಾಳದಿಂದ ತಂತಿ ಹಾಕಿ ಅದನ್ನು ಮುಚ್ಚುವ ರೇಡಿಯಾಲಜಿ ಡಾಕ್ಟರ್ ಆಗ ಸಿಗುತ್ತಾರಾ? ಸೋರಿಕೆ ಅತಿ ಒಳ್ಳೆಯ ಕೈಯಲ್ಲೂ ಆಗುತ್ತದೆ. ಆದಾಗ ಉಳಿಸಿಕೊಳ್ಳುವ ವ್ಯವಸ್ಥೆ ಇರುವ ಆಸ್ಪತ್ರೆ ಬೇಕು. ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಆಸ್ಪತ್ರೆ ಆರಿಸಬೇಡಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ರಾತ್ರಿಯ ರೈಲು ಅಷ್ಟೇ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಹೋಗುವ ಮುಂಚೆ ರೆಫರಲ್ ಪತ್ರದ ಬಗ್ಗೆ ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ವಾರ್ಡ್_ಸಿಸ್ಟರ್ (ಬುಧವಾರ, ಬೆಳಗ್ಗೆ 7:15)

ನೈಟ್ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ. ಸರ್ಜರಿ ವಾರ್ಡಿನಲ್ಲಿ 14 ವರ್ಷ ಆಯಿತು. ಡಾಕ್ಟರ್ ಹೇಳದೇ ಬಿಟ್ಟ ಒಂದೆರಡು ವಿಷಯ ನಾನು ಹೇಳುತ್ತೇನೆ.

ಹೊಟ್ಟೆ ಕೊಯ್ದರೆ ನೋವು ಜಾಸ್ತಿ, ಇದರಲ್ಲಿ ಮುಚ್ಚುಮರೆ ಬೇಡ. ನೋವಿಗೆ ಬೆನ್ನಿನಲ್ಲಿ ಸಣ್ಣ ನಳಿಗೆ ಇಡುತ್ತಾರಾ ಅಂತ ಕೇಳಿ. ನೋವು ಹಿಡಿತದಲ್ಲಿದ್ದರೆ ಕೆಮ್ಮಬಹುದು, ಕೆಮ್ಮಿದರೆ ಕಫ ಬರುತ್ತದೆ, ನ್ಯುಮೋನಿಯಾ ದೂರ. ಮೂರು ಚೆಂಡಿನ ಉಸಿರಾಟದ ಡಬ್ಬಿಯನ್ನು ಈಗಲೇ ತಂದು ಮನೆಯಲ್ಲಿ ಅಭ್ಯಾಸ ಮಾಡಿಸಿ. ಆಪರೇಷನ್ ಆದ ಮೇಲೆ ಮೊದಲ ಸಲ ಕೊಟ್ಟರೆ ಯಾರಿಗೂ ಬರುವುದಿಲ್ಲ. ಬೀಡಿ ಸಿಗರೇಟ್ ಇದ್ದರೆ ಇವತ್ತೇ ನಿಲ್ಲಿಸಿ.

ಹೊಟ್ಟೆಯ ಪಕ್ಕದಲ್ಲಿ ಡ್ರೇನ್ ಪೈಪ್ ಇರುತ್ತದೆ. ಚೀಲದಲ್ಲಿ ಮೊದಲು ಕೆಂಪು ನೀರು, ದಿನ ಕಳೆದ ಹಾಗೆ ತಿಳಿ ಹುಲ್ಲಿನ ಬಣ್ಣಕ್ಕೆ ಬರಬೇಕು. ಹಸಿರಾದರೆ ಪಿತ್ತ. ಬೂದು, ಕಲಸಿದ ಹಾಗೆ ಕಂಡರೆ ನನಗೆ ಆಗಲೇ ಅನುಮಾನ ಬರುತ್ತದೆ. ಮೂರನೇ ದಿನ ಆ ನೀರಿನ ಅಮೈಲೇಸ್ (ಪ್ಯಾಂಕ್ರಿಯಾಸ್ ರಸದ ಒಂದು ಅಂಶ) ಪರೀಕ್ಷೆ ಮಾಡುತ್ತಾರೆ. ರಕ್ತದಲ್ಲಿ ಇರಬಹುದಾದ ಗರಿಷ್ಠಕ್ಕಿಂತ ಮೂರು ಪಟ್ಟು ಜಾಸ್ತಿ ಇದ್ದರೆ ಪ್ಯಾಂಕ್ರಿಯಾಸ್ ಸೋರುತ್ತಿದೆ ಅಂತ. ಅದಿದ್ದ ಎಲ್ಲರಿಗೂ ಏನೋ ಆಗಿಬಿಡುತ್ತದೆ ಅಂತಲ್ಲ, ಎಷ್ಟೋ ಜನರಿಗೆ ತಾನೇ ನಿಲ್ಲುತ್ತದೆ. ಆದರೆ ಒಂದು ಮಾತು ನೆನಪಿಡಿ. ಐದಾರು ದಿನ ತಿಳಿಯಾಗಿದ್ದ ಚೀಲದಲ್ಲಿ ಒಂದು ಚಮಚ ಹೊಸ ರಕ್ತ ಕಂಡರೂ ಆ ಕ್ಷಣವೇ ಕರೆಯಿರಿ. ಬೆಳಗಿನ ರೌಂಡ್ಸ್‌ಗೆ ಹೇಳೋಣ ಅಂತ ಕಾಯಬೇಡಿ. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಹೀಗೆ ಚೂರು ಕಾಣುತ್ತದೆ.

ಊಟದ ಬಗ್ಗೆ: ಆಮೇಲೆ ಎಣ್ಣೆಗಾಯಿ, ಶೇಂಗಾ ಹಿಂಡಿ ತಿಂದರೆ ಮಲ ಜಿಡ್ಡಾಗಿ ತೇಲುತ್ತದೆ. ಅದು ಅಜೀರ್ಣ ಅಂತ ಊಟ ಬಿಡಿಸಬೇಡಿ. ಪ್ಯಾಂಕ್ರಿಯಾಸ್ ರಸದ ಕ್ಯಾಪ್ಸೂಲ್ ಬರುತ್ತದೆ, ಊಟದ ಮೊದಲ ತುತ್ತಿನ ಜೊತೆ ನುಂಗಬೇಕು, ಮುಗಿದ ಮೇಲೆ ಅಲ್ಲ. ಸಕ್ಕರೆಯನ್ನೂ ಆಗಾಗ ನೋಡಿಸಿ.

ಬೆಟಗೇರಿ_ಮಗ್ಗ (ಬುಧವಾರ, ಬೆಳಗ್ಗೆ 7:50)

ಸಿಸ್ಟರ್, ನಮ್ಮವ್ವ ನಾಲ್ಕು ತಿಂಗಳು ಕ್ಯಾಪ್ಸೂಲ್‌ಗಳನ್ನು ಊಟ ಆದ ಮೇಲೆ ತಗೊಂಡಳು. ಹನ್ನೊಂದು ಕಿಲೋ ಇಳಿದಳು. ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಸಾಧನಕೇರಿ_ಸಂಜೆ (ಬುಧವಾರ, ಸಂಜೆ 5:30)

ನಾನು ಕಣ್ಣು ಮುಚ್ಚಿ ಹೋಗಿ ಅಂದಿದ್ದೆ. ಆ ಮಾತು ವಾಪಸ್ ತಗೊಳ್ಳುತ್ತೇನೆ. ಬಾಲ ಇರುವವರು ಯಾರಾದರೂ ಇದನ್ನು ಓದಿದರೆ ಮಾತ್ರ ನನ್ನದು ಲೆಕ್ಕಕ್ಕೆ ಹಿಡಿಯಿರಿ. ಮತ್ತು ಆ ಲಸಿಕೆ ಮರೆಯಬೇಡಿ.

ಬ್ಯಾಡಗಿ_ಕಡ್ಡಿ (ಶುಕ್ರವಾರ, ರಾತ್ರಿ 8:15)

ಇಬ್ಬರನ್ನೂ ಮತ್ತೆ ಕಂಡೆ. ಪ್ರಶ್ನೆಗಳನ್ನು ಅಪ್ಪನ ಲೆಕ್ಕದ ಪುಸ್ತಕದ ಹಾಳೆಯಲ್ಲೇ ಬರೆದುಕೊಂಡು ಹೋಗಿದ್ದೆ. ದುರ್ಬೀನಿನ ಸರ್ಜನ್ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, ಬಾಲದ್ದು ಬಹಳ ಮಾಡಿದ್ದೇನೆ, ತಲೆಯದು ತೂತಿನಲ್ಲಿ ಮಾಡಿದ್ದು ನಾಲ್ಕು ಅಂದರು. ನೀವು ಕೇಳಿದ್ದು ಸರಿ, ಇವರಿಗೆ ಕೊಯ್ದು ಮಾಡಿಸುವುದೇ ವಾಸಿ ಅಂತ ಅವರೇ ಹೇಳಿದರು. ಅವರ ಮೇಲೆ ಗೌರವ ಹೆಚ್ಚಾಯಿತು. ಇನ್ನೊಬ್ಬರು ವಿಪಲ್ ಸಂಖ್ಯೆಯನ್ನು ರಿಜಿಸ್ಟರ್ ತೆಗೆದೇ ತೋರಿಸಿದರು. ರಾತ್ರಿ ರೇಡಿಯಾಲಜಿ ಇದೆ. ಸ್ಟೆಂಟ್ ಬೇಡ ಅಂದರು. ಬರುವ ಮಂಗಳವಾರ ಬೆಳಗ್ಗೆಗೆ ಆಪರೇಷನ್ ತಾರೀಖು ಸಿಕ್ಕಿತು. ಅಪ್ಪ ಎರಡು ಚೆಂಡು ಏರಿಸುತ್ತಿದ್ದಾರೆ, ಮೂರನೆಯದು ಇನ್ನೂ ಅರ್ಧಕ್ಕೆ ನಿಲ್ಲುತ್ತದೆ.

ವಾರ್ಡ್_ಸಿಸ್ಟರ್ (ಶುಕ್ರವಾರ, ರಾತ್ರಿ 8:40)

ಎರಡು ಸಾಕು. ಗಂಟೆಗೆ ಹತ್ತು ಸಲ ಮಾಡಿಸಿ.

ಬ್ಯಾಡಗಿ_ಕಡ್ಡಿ (ಮುಂದಿನ ವಾರ, ಭಾನುವಾರ, ಮಧ್ಯಾಹ್ನ 1:05)

ಆರೂವರೆ ಗಂಟೆ ಹಿಡಿಯಿತು. ಇವತ್ತು ಐದನೇ ದಿನ. ಮೂರನೇ ದಿನದ ಅಮೈಲೇಸ್ 168 ಬಂತು, ಅವರ ಲ್ಯಾಬಿನಲ್ಲಿ ರಕ್ತದ ಗರಿಷ್ಠ 110. ಸೋರಿಕೆ ಇಲ್ಲ ಅಂತ ಇವತ್ತು ಬೆಳಗ್ಗೆ ಡ್ರೇನ್ ತೆಗೆದರು. ಗಾಯ ದೊಡ್ಡದೇ ಇದೆ, ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುತ್ತಾರೆ. ಆದರೆ ತುರಿಕೆ ನಿಂತಿದೆ. ಎರಡು ತಿಂಗಳ ಮೇಲೆ ಮೊದಲ ಸಲ ರಾತ್ರಿ ಪೂರ್ತಿ ಮಲಗಿದರು. ಗಂಜಿ ಎರಡು ಚಮಚ ಇಳಿಯಿತು. ಸೋದರಮಾವ ಬಂದು ಮಂಚದ ಪಕ್ಕ ಕೂತಿದ್ದಾರೆ, ಡಬ್ಬಿ ಹಿಡಿದು ಚೆಂಡು ಎಣಿಸುತ್ತಿರುವುದು ಅವರೇ.

ಗಡ್ಡೆಯ ರಿಪೋರ್ಟ್ ಗುರುವಾರ ಬರುತ್ತದೆ. ಕ್ಯಾನ್ಸರ್ ಅಂತಲೇ ಬಂದರೆ 12 ವಾರದೊಳಗೆ ಕಿಮೋ ಶುರು ಮಾಡಬೇಕಂತೆ. ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕಿಮೋ ತಗೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಬ್ಯಾಡಗಿಯಿಂದ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಾ, ಅಥವಾ ಹುಬ್ಬಳ್ಳಿಯಲ್ಲೇ ರೂಮ್ ಮಾಡಬೇಕಾ?